ಮಕ್ಕಳಿಗೆ ದೀರ್ಘಕಾಲದ ಸ್ಟಿರಾಯ್ಡ್ ಚಿಕಿತ್ಸೆ: ಅಂಜಿಕೆಯೂ ಬೇಡ, ಅಜಾಗ್ರತೆಯೂ ಬೇಡ

ಶರಣರು ಕಾಯವನ್ನು ಹಳಿದವರಲ್ಲ. ಕಾಯಕಕ್ಕೂ ದಾಸೋಹಕ್ಕೂ ಲಿಂಗಪೂಜೆಗೂ ಈ ಕಾಯವೇ ಆಧಾರವೆಂದು ತಿಳಿದು ಅದನ್ನು ಪ್ರಸಾದಕಾಯವೆಂದು ಗೌರವಿಸಿದವರು. ಬೆಳೆಯುತ್ತಿರುವ ಮಗುವಿನ ಕಾಯವಂತೂ ತಂದೆ ತಾಯಿಗಳ ಕೈಯಲ್ಲಿರುವ ನಿಕ್ಷೇಪ. ಅದರ ರಕ್ಷಣೆಯಲ್ಲಿ ಪ್ರೀತಿಯಷ್ಟೇ ತಿಳಿವಳಿಕೆಯೂ ಅಗತ್ಯ. ಪ್ರೀತಿಯಿದ್ದು ತಿಳಿವಳಿಕೆಯಿಲ್ಲದಿದ್ದರೆ ಒಳ್ಳೆಯದನ್ನು ಮಾಡಲು ಹೋಗಿ ಕೇಡನ್ನು ತಂದುಕೊಳ್ಳುವ ಪ್ರಸಂಗಗಳು ಒದಗುತ್ತವೆ. ಅಂತಹ ಒಂದು ವಿಷಯವನ್ನು ಈ ಸಂಚಿಕೆಯಲ್ಲಿ ವಿವರಿಸಲು ಪ್ರಯತ್ನಿಸಿದ್ದೇನೆ.

“ಡಾಕ್ಟರೇ, ನಮ್ಮ ಮಗುವಿಗೆ ಸ್ಟಿರಾಯ್ಡ್ ಕೊಡುತ್ತಿದ್ದಾರೆ. ಮುಖವೆಲ್ಲ ಊದಿಕೊಂಡಿದೆ. ಅದನ್ನು ಬಿಡಿಸಿ ನಿಮ್ಮ ಔಷಧಿ ಕೊಡಿ” ಎಂದು ಕೇಳಿಕೊಂಡು ಬರುವ ಪಾಲಕರು ನನ್ನಂತಹ ಆಯುರ್ವೇದ ವೈದ್ಯರ ಬಳಿಗೆ ಬಹಳ ಮಂದಿ. ಅವರ ಅಂಜಿಕೆ ನಿರಾಧಾರವಾದುದಲ್ಲ. ಆದರೆ ಅವರು ಕೇಳುವ ಪರಿಹಾರ ಮಾತ್ರ ಅಪಾಯಕಾರಿ. ಈ ಎರಡು ಮಾತುಗಳನ್ನೂ ಒಟ್ಟಿಗೆ ಅರಿತುಕೊಂಡರೆ ಮಗು ಉಳಿಯುತ್ತದೆ.

ಸ್ಟಿರಾಯ್ಡ್ ಎಂದರೇನು?

ನಮ್ಮ ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಸಣ್ಣ ಗ್ರಂಥಿಗಳಿಗೆ ಅಡ್ರಿನಲ್ ಗ್ರಂಥಿಗಳೆಂದು ಹೆಸರು. ಇವು ಕಾರ್ಟಿಸಾಲ್ ಎಂಬ ರಸವನ್ನು ಪ್ರತಿದಿನ ಸ್ರವಿಸುತ್ತವೆ. ರಕ್ತದೊತ್ತಡ, ರಕ್ತದಲ್ಲಿನ ಸಕ್ಕರೆ, ಲವಣ ಮತ್ತು ನೀರಿನ ಸಮತೋಲ ಇವುಗಳನ್ನು ಕಾಯ್ದುಕೊಳ್ಳುವುದರಲ್ಲಿಯೂ, ಜ್ವರ, ಪೆಟ್ಟು, ಶಸ್ತ್ರಕ್ರಿಯೆಗಳಂತಹ ಸಂಕಟದ ಕಾಲದಲ್ಲಿ ದೇಹವು ಕುಸಿಯದಂತೆ ಎತ್ತಿ ಹಿಡಿಯುವುದರಲ್ಲಿಯೂ ಈ ರಸದ ಪಾತ್ರ ಹಿರಿದು. ಬೆಳಗಿನ ಜಾವದಲ್ಲಿ ಇದರ ಪ್ರಮಾಣ ಏರುತ್ತದೆ, ರಾತ್ರಿಗೆ ಇಳಿಯುತ್ತದೆ.

ಈ ರಸವನ್ನು ಹೋಲುವ ಔಷಧಿಗಳೇ ಕಾರ್ಟಿಕೋಸ್ಟಿರಾಯ್ಡ್‌ಗಳು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಸಂಧಿವಾತದಿಂದ ನರಳುತ್ತಿದ್ದ ರೋಗಿಗೆ ಮೊದಲ ಬಾರಿಗೆ ಕಾರ್ಟಿಸೋನ್ ಕೊಟ್ಟಾಗ ಕಂಡ ಗುಣ ಜಗತ್ತನ್ನೇ ಬೆರಗುಗೊಳಿಸಿತು. ಆ ಸಂಶೋಧನೆಗಾಗಿ ಕೆಂಡಾಲ್, ರೈಕ್‌ಸ್ಟೈನ್ ಮತ್ತು ಹೆಂಚ್ ಎಂಬ ಮೂವರು ವಿಜ್ಞಾನಿಗಳಿಗೆ 1950ರಲ್ಲಿಯೇ ನೊಬೆಲ್ ಪುರಸ್ಕಾರ ದೊರೆಯಿತು. ಅದರ ದುಷ್ಪರಿಣಾಮಗಳು ಅರಿವಿಗೆ ಬರಲೂ ಹೆಚ್ಚು ಕಾಲ ಹಿಡಿಯಲಿಲ್ಲ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಡೆಫ್ಲಜಕಾರ್ಟ್ ಮುಂತಾದವು ಇಂದು ಬಳಕೆಯಲ್ಲಿರುವ ಹೆಸರುಗಳು. ಕ್ರೀಡಾಪಟುಗಳು ಮಾಂಸಖಂಡ ಬೆಳೆಸಲು ಕದ್ದು ಬಳಸುವ ಸ್ಟಿರಾಯ್ಡ್ ಬೇರೆ ಜಾತಿಯದು. ಎರಡನ್ನೂ ಒಂದೇ ಎಂದು ಭಾವಿಸಬಾರದು.

ಮಕ್ಕಳಿಗೆ ಏಕೆ ಬೇಕಾಗುತ್ತದೆ?

ಒಂದು ರೋಗವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಎರಡರಿಂದ ಆರು ವರ್ಷದ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ನೆಫ್ರೋಟಿಕ್ ಸಿಂಡ್ರೋಮ್ ಎಂಬ ಮೂತ್ರಪಿಂಡದ ಕಾಯಿಲೆಯಿದೆ. ಬೆಳಗ್ಗೆ ಏಳುವಾಗ ಕಣ್ಣಿನ ಸುತ್ತ ಬಾವು, ಬಳಿಕ ಹೊಟ್ಟೆ ಕಾಲುಗಳಲ್ಲಿ ನೀರು ತುಂಬುವುದು, ಮೂತ್ರದಲ್ಲಿ ನೊರೆ ಇವು ಅದರ ಲಕ್ಷಣಗಳು. ರಕ್ತದಲ್ಲಿರಬೇಕಾದ ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುವುದೇ ಇದಕ್ಕೆ ಕಾರಣ. ಸ್ಟಿರಾಯ್ಡ್ ಮತ್ತು ಆಂಟಿಬಯೋಟಿಕ್ ಔಷಧಿಗಳು ಬರುವ ಮೊದಲು ಈ ರೋಗದಿಂದ ಅನೇಕ ಮಕ್ಕಳು ಸೋಂಕು ತಗುಲಿ ಸಾಯುತ್ತಿದ್ದರು. ಇಂದು ಬಹುಪಾಲು ಮಕ್ಕಳಲ್ಲಿ ಪ್ರೆಡ್ನಿಸೊಲೋನ್ ಆರಂಭಿಸಿದ ನಾಲ್ಕು ವಾರಗಳೊಳಗೆ ಪ್ರೋಟೀನ್ ಸೋರುವುದು ನಿಲ್ಲುತ್ತದೆ. ಮೊದಲ ಬಾರಿಗೆ ಈ ರೋಗ ಕಂಡಾಗ ಸಾಮಾನ್ಯವಾಗಿ 6 ವಾರ ಪ್ರತಿದಿನ, ಅನಂತರ 6 ವಾರ ದಿನ ಬಿಟ್ಟು ದಿನ ಔಷಧಿ ಕೊಡುವ ಕ್ರಮವಿದೆ. ಆದರೆ ಈ ರೋಗ ಮರುಕಳಿಸುವ ಸ್ವಭಾವದ್ದು. ಪ್ರತಿ ಸಲ ಮರುಕಳಿಸಿದಾಗಲೂ ಔಷಧಿ ಮತ್ತೆ ಬೇಕಾಗುವುದರಿಂದ ಕೆಲವು ಮಕ್ಕಳಿಗೆ ಚಿಕಿತ್ಸೆ ವರ್ಷಗಟ್ಟಲೆ ಸಾಗುತ್ತದೆ. ಸಮಾಧಾನದ ಸಂಗತಿಯೆಂದರೆ ಸ್ಟಿರಾಯ್ಡಿಗೆ ಮಣಿಯುವ ಮಕ್ಕಳಲ್ಲಿ ಬಹುತೇಕರು ಪ್ರಾಯಕ್ಕೆ ಬರುವ ಹೊತ್ತಿಗೆ ರೋಗದಿಂದ ಪಾರಾಗುತ್ತಾರೆ. ಅಲ್ಲಿಯವರೆಗೆ ಮಗುವಿನ ಮೂತ್ರಪಿಂಡವನ್ನೂ ಉಳಿದ ದೇಹವನ್ನೂ ಜೋಪಾನ ಮಾಡುವುದೇ ಕೆಲಸ.

ತೀವ್ರ ಉಬ್ಬಸ, ಬಾಲ್ಯದ ಸಂಧಿವಾತ, ಲೂಪಸ್, ಡುಶೆನ್ ಎಂಬ ಸ್ನಾಯುಕ್ಷಯ ರೋಗ ಮುಂತಾದವುಗಳಲ್ಲಿಯೂ ಸ್ಟಿರಾಯ್ಡ್ ಬೇಕಾಗುತ್ತದೆ.

ದೀರ್ಘಕಾಲ ಸೇವಿಸಿದಾಗ ಆಗುವ ದುಷ್ಪರಿಣಾಮಗಳು

ಐದಾರು ದಿನ ಕೊಡುವ ಔಷಧಿಯಿಂದ ಸಾಮಾನ್ಯವಾಗಿ ಭಯವಿಲ್ಲ. ಪ್ರಮಾಣ ಹೆಚ್ಚಿದಂತೆ, ಅವಧಿ ಬೆಳೆದಂತೆ ತೊಂದರೆಗಳು ಒಂದೊಂದಾಗಿ ತಲೆದೋರುತ್ತವೆ.

*ಹೊರನೋಟಕ್ಕೆ ಕಾಣುವವು:* ಮುಖವು ಚಂದ್ರನಂತೆ ಗುಂಡಗಾಗುತ್ತದೆ. ಕತ್ತಿನ ಹಿಂಭಾಗದಲ್ಲಿ ಕೊಬ್ಬು ಕೂಡುತ್ತದೆ. ಹಸಿವು ವಿಪರೀತವಾಗಿ ತೂಕ ಏರುತ್ತದೆ. ಮುಖ, ಬೆನ್ನುಗಳ ಮೇಲೆ ರೋಮ ಹೆಚ್ಚುತ್ತದೆ. ಹೊಟ್ಟೆ ತೊಡೆಗಳಲ್ಲಿ ನೇರಳೆ ಬಣ್ಣದ ಗೆರೆಗಳು ಮೂಡುತ್ತವೆ. ಪ್ರಮಾಣ ತಗ್ಗಿದಂತೆ ಇವುಗಳಲ್ಲಿ ಬಹುಪಾಲು ಮಾಯವಾಗುತ್ತವೆ. ಗೆರೆಗಳ ಕಲೆ ಮಾತ್ರ ಮಾಸಿದರೂ ಉಳಿಯಬಹುದು.

*ಮನಸ್ಸಿಗೆ ಆಗುವವು:* ಸಿಡುಕು, ಹಠ, ಅಳು, ನಿದ್ರಾಹೀನತೆ. ರಾತ್ರಿ ಎದ್ದು ಅಡುಗೆಮನೆಯಲ್ಲಿ ಡಬ್ಬಿ ತಡಕುವ ಮಗುವನ್ನು ಕಳ್ಳನೆಂದು ಗದರಿಸುವವರಿದ್ದಾರೆ. ಅದು ಮಗುವಿನ ದುರ್ಗುಣವಲ್ಲ, ಔಷಧಿಯ ಗುಣ. ಶಾಲೆಯಲ್ಲಿ “ಡುಮ್ಮ” ಎಂದು ಹಂಗಿಸುವ ಮಾತು ಹತ್ತು ಹನ್ನೆರಡು ವರ್ಷದ ಮಕ್ಕಳಿಗೆ ರೋಗಕ್ಕಿಂತ ಹೆಚ್ಚು ನೋವು ಕೊಡುತ್ತದೆ. ಆ ನೋವಿನಿಂದಲೇ ಗುಳಿಗೆಯನ್ನು ಗುಟ್ಟಾಗಿ ಎಸೆಯುವ ಮಕ್ಕಳೂ ಇದ್ದಾರೆ. ಆದ್ದರಿಂದ ಶಿಕ್ಷಕರಿಗೆ ವಿಷಯ ತಿಳಿಸಿರುವುದು ಒಳ್ಳೆಯದು.

*ಬೆಳವಣಿಗೆ:* ದೊಡ್ಡವರಿಗೆ ಇಲ್ಲದ, ಮಕ್ಕಳಿಗೆ ಮಾತ್ರ ಇರುವ ಹಾನಿ ಇದು. ನಾಲ್ಕು ವರ್ಷ ದಾಟಿದ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಎತ್ತರವಾಗಬೇಕು. ಪ್ರತಿದಿನದ ಸ್ಟಿರಾಯ್ಡ್ ಈ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ತೂಕ ಏರುತ್ತಾ ಎತ್ತರ ನಿಂತುಹೋಗಿದ್ದರೆ ಅದು ಎಚ್ಚರಿಕೆಯ ಗಂಟೆ.

*ಮೂಳೆ:* ಮೂಳೆಗಳು ಟೊಳ್ಳಾಗಿ ಬೆನ್ನೆಲುಬಿನ ಬಿಲ್ಲೆಗಳು ಕುಸಿಯಬಹುದು. ಮಗು ಬೆನ್ನುನೋವು ಎಂದರೆ ಆಟದ ನೋವೆಂದು ತಳ್ಳಿಹಾಕಬಾರದು. ಸೊಂಟದ ಕೀಲಿನ ಮೂಳೆಗೆ ರಕ್ತಸಂಚಾರ ಕುಂದಿ ಕುಂಟುವಿಕೆ ಉಂಟಾಗುವುದೂ ಉಂಟು.

*ಕಣ್ಣು:* ಮುದುಕರಿಗೆ ಬರುವ ಕಣ್ಣಿನ ಪೊರೆ ಮಕ್ಕಳಿಗೂ ಬರಬಹುದು. ಕಣ್ಣಿನೊಳಗಿನ ಒತ್ತಡ ಏರಬಹುದು. ಆರಂಭದಲ್ಲಿ ಮಗುವಿಗೆ ಏನೂ ತಿಳಿಯುವುದಿಲ್ಲ; ನೇತ್ರತಜ್ಞರ ಪರೀಕ್ಷೆಯಿಂದ ಮಾತ್ರ ಪತ್ತೆಯಾಗುತ್ತದೆ.

*ಸೋಂಕು:* ದೇಹದ ವ್ಯಾಧಿಕ್ಷಮತ್ವ ತಗ್ಗುವುದರಿಂದ ಸಾಮಾನ್ಯ ಸೋಂಕೂ ಉಲ್ಬಣಿಸಬಹುದು. ಸ್ಟಿರಾಯ್ಡ್ ಜ್ವರವನ್ನೂ ನೋವನ್ನೂ ಮರೆಮಾಡುವುದರಿಂದ ಸೋಂಕು ತಡವಾಗಿ ಗೊತ್ತಾಗುತ್ತದೆ. ಇವುಗಳಲ್ಲದೆ ರಕ್ತದೊತ್ತಡ, ರಕ್ತದ ಸಕ್ಕರೆ ಏರುವುದು, ಹೊಟ್ಟೆಯುರಿ ಇವನ್ನೂ ಗಮನಿಸಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯ: ಹಠಾತ್ತನೆ ನಿಲ್ಲಿಸುವುದು

ಮೇಲಿನ ಪಟ್ಟಿಯನ್ನು ಓದಿದ ಯಾವ ತಾಯಿಗಾದರೂ ನಾಳೆಯಿಂದಲೇ ಗುಳಿಗೆ ನಿಲ್ಲಿಸಬೇಕೆನಿಸುವುದು ಸಹಜ. ಆದ್ದರಿಂದಲೇ ಈ ಭಾಗವನ್ನು ಎರಡು ಸಲ ಓದಬೇಕೆಂದು ಕೋರುತ್ತೇನೆ.

ಹೊರಗಿನಿಂದ ಸ್ಟಿರಾಯ್ಡ್ ಬರುತ್ತಿರುವಾಗ ಮೆದುಳಿನಲ್ಲಿರುವ ಪಿಟ್ಯುಟರಿ ಗ್ರಂಥಿಯು ಅಡ್ರಿನಲ್‌ಗೆ ಆಜ್ಞೆ ಕಳಿಸುವುದನ್ನು ನಿಲ್ಲಿಸುತ್ತದೆ. ಮನೆಗೆ ಪ್ರತಿದಿನ ಹೊರಗಿನಿಂದ ಬುತ್ತಿ ಬರುತ್ತಿದ್ದರೆ ಒಲೆ ಹೊತ್ತಿಸುವವರು ಯಾರು? ಎರಡು ಮೂರು ವಾರಗಳಿಗಿಂತ ಹೆಚ್ಚು ಕಾಲ ಹೀಗೆ ನಡೆದರೆ ಅಡ್ರಿನಲ್ ಗ್ರಂಥಿ ನಿದ್ರೆಗೆ ಜಾರುತ್ತದೆ. ಒಮ್ಮೆಲೇ ಬುತ್ತಿ ನಿಂತರೆ ದೇಹದಲ್ಲಿ ಹೊರಗಿನ ರಸವೂ ಇಲ್ಲ, ಒಳಗಿನ ರಸವೂ ಇಲ್ಲ. ಮಗು ಬಳಲುತ್ತದೆ, ವಾಂತಿ ಮಾಡುತ್ತದೆ, ಹೊಟ್ಟೆನೋವೆನ್ನುತ್ತದೆ. ಸಕ್ಕರೆ ಇಳಿಯುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಆ ಸಮಯದಲ್ಲಿ ಜ್ವರವೋ ಭೇದಿಯೋ ಸೇರಿಕೊಂಡರೆ ಗಂಟೆಗಳಲ್ಲಿ ಪ್ರಾಣಕ್ಕೇ ಸಂಚಕಾರ. ಗ್ರಂಥಿ ಎಚ್ಚರಗೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಆದ್ದರಿಂದಲೇ ವೈದ್ಯರು ಪ್ರಮಾಣವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ.

ಇದನ್ನು ಪುಸ್ತಕದಿಂದ ಮಾತ್ರ ಕಲಿತು ಬರೆಯುತ್ತಿಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ ಐದು ವರ್ಷದ ಒಬ್ಬ ಬಾಲಕನನ್ನು ಅವನ ಅಜ್ಜಿ ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಮೂತ್ರಪಿಂಡದ ಕಾಯಿಲೆ, ಊದಿದ ಮುಖ. “ಇಂಗ್ಲಿಷ್ ಔಷಧಿ ಬೇಡವೆಂದು ಬಂದಿದ್ದೇವೆ” ಎಂದರು. ನನ್ನ ಶಾಸ್ತ್ರದ ಮೇಲೆ ಅವರಿಟ್ಟ ನಂಬಿಕೆಯಿಂದ ನಾನು ಹಿಗ್ಗಿದೆನೇ ಹೊರತು, ಗುಳಿಗೆಯನ್ನು ನಿಲ್ಲಿಸಿದ್ದೀರಾ, ಎಂದಿನಿಂದ, ಎಂದು ಕೇಳಲಿಲ್ಲ. ಪುನರ್ನವೆಯ ಕಷಾಯ ಬರೆದುಕೊಟ್ಟು ಕಳಿಸಿದೆ. ಐದನೆಯ ದಿನ ರಾತ್ರಿ ಮಗುವನ್ನು ಹೆಗಲ ಮೇಲೆ ಹೊತ್ತು ತಂದರು. ಜ್ವರ, ವಾಂತಿ, ತಣ್ಣಗಾದ ಕೈಕಾಲು, ಕರೆದರೆ ಓಗೊಡದ ಸ್ಥಿತಿ. ನಾನೇ ಜೊತೆಗೆ ಹೋಗಿ ದೊಡ್ಡ ಆಸ್ಪತ್ರೆಗೆ ಸೇರಿಸಿದೆ. ಅಲ್ಲಿನ ವೈದ್ಯರು ಹೈಡ್ರೋಕಾರ್ಟಿಸೋನ್ ಸೂಜಿಮದ್ದನ್ನೂ ಸಲೈನನ್ನೂ ಕೊಟ್ಟರು. ಬೆಳಗಿನ ಹೊತ್ತಿಗೆ ಮಗು ಕಣ್ಣು ತೆರೆಯಿತು. ನನ್ನ ಬಳಿಗೆ ಬರುವ ಮೂರು ದಿನ ಮೊದಲೇ ಗುಳಿಗೆ ನಿಲ್ಲಿಸಿದ್ದರೆಂಬುದು ಆಗ ತಿಳಿಯಿತು. ಒಂದು ಪ್ರಶ್ನೆ ಕೇಳದ ತಪ್ಪು ನನ್ನದು. ಆ ರಾತ್ರಿಯಿಂದ ಇಂದಿನವರೆಗೆ ನನ್ನ ಬಳಿಗೆ ಬರುವ ಪ್ರತಿ ಮಗುವಿನ ಪಾಲಕರನ್ನೂ ಮೊದಲು ಕೇಳುವ ಪ್ರಶ್ನೆ ಅದೇ.

ಗೊತ್ತಿಲ್ಲದೆ ದೇಹ ಸೇರುವ ಸ್ಟಿರಾಯ್ಡ್

ಇನ್ನೊಂದು ಮಾತನ್ನು ನನ್ನ ವೃತ್ತಿಬಾಂಧವರ ಮುಂದೆಯೂ ಸಂಕೋಚವಿಲ್ಲದೆ ಹೇಳಬೇಕು. ಉಬ್ಬಸಕ್ಕೆ, ಕೀಲುನೋವಿಗೆ, ಚರ್ಮರೋಗಕ್ಕೆ “ಗಿಡಮೂಲಿಕೆ”ಯೆಂದು ಹೆಸರಿಲ್ಲದ ಪೊಟ್ಟಣಗಳಲ್ಲಿ ಮಾರುವ ಪುಡಿ, ಗುಳಿಗೆಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಪತ್ತೆಯಾಗಿದೆ. ಎರಡೇ ದಿನದಲ್ಲಿ ಪವಾಡದಂತೆ ಗುಣ ಕಂಡು, ಹಸಿವು ಹೆಚ್ಚಿ, ಮುಖ ತುಂಬಿಕೊಂಡು, ಬಿಟ್ಟೊಡನೆ ರೋಗ ಇಮ್ಮಡಿಯಾಗಿ ಮರಳುವ ಪುಡಿಯ ಬಗ್ಗೆ ಸಂಶಯಪಡಬೇಕು. ಶುದ್ಧ ಆಯುರ್ವೇದ ಔಷಧಿಯ ಮೇಲೆ ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಘಟಕದ್ರವ್ಯಗಳು, ತಯಾರಿಯ ದಿನಾಂಕ ಇರಲೇಬೇಕು. ಇವಿಲ್ಲದ್ದನ್ನು ಮಗುವಿನ ಬಾಯಿಗೆ ಹಾಕಬೇಡಿ. ಅಂತಹ ಪುಡಿಯನ್ನು ಈಗಾಗಲೇ ತಿಂಗಳುಗಟ್ಟಲೆ ಕೊಟ್ಟಿದ್ದರೆ, ಅದನ್ನೂ ತಟ್ಟನೆ ನಿಲ್ಲಿಸದೆ ಅಂದೇ ಪೊಟ್ಟಣದೊಡನೆ ವೈದ್ಯರನ್ನು ಕಾಣಿರಿ.

ಹಚ್ಚುವ ಮುಲಾಮುಗಳೂ ನಿರಪಾಯವಲ್ಲ. ತುರಿಕೆಗೆಂದು ಅಂಗಡಿಯಲ್ಲಿ ಕೇಳಿ ತರುವ ಅನೇಕ ಮುಲಾಮುಗಳಲ್ಲಿ ಕ್ಲೋಬೆಟಾಸಾಲ್‌ನಂತಹ ತೀಕ್ಷ್ಣ ಸ್ಟಿರಾಯ್ಡ್ ಇರುತ್ತದೆ. ಕೂಸಿನ ಚರ್ಮ ತೆಳು. ತೊಡೆಸಂದಿಗೆ ಹಚ್ಚಿ ಡೈಪರ್ ಕಟ್ಟಿದರೆ ಔಷಧಿ ರಕ್ತಕ್ಕೆ ಸೇರಿ, ಗುಳಿಗೆ ಕೊಟ್ಟಂತೆಯೇ ಮುಖ ಊದುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ನಾವೂ ಚೀಟಿಯಿಲ್ಲದೆ ಕೊಳ್ಳಬಾರದು.

ಇನ್ನು ಉಬ್ಬಸದ ಮಕ್ಕಳಿಗೆ ಕೊಡುವ ಇನ್‌ಹೇಲರ್ ವಿಷಯ. ಅದರಲ್ಲಿ ಸ್ಟಿರಾಯ್ಡಿನ ಪ್ರಮಾಣ ಅತ್ಯಲ್ಪ. ಅದು ನೇರವಾಗಿ ಶ್ವಾಸನಾಳಕ್ಕೆ ಹೋಗುತ್ತದೆ. ವರ್ಷಗಟ್ಟಲೆ ಬಳಸಿದವರ ಎತ್ತರದಲ್ಲಿ ಸುಮಾರು 1 ಸೆಂಟಿಮೀಟರ್‌ನಷ್ಟು ಕೊರತೆಯಾಗಬಹುದು. ಹತೋಟಿಯಿಲ್ಲದ ಉಬ್ಬಸವು ಪ್ರಾಣಕ್ಕೇ ಎರವಾಗಬಲ್ಲದು. ಆದ್ದರಿಂದ ಇನ್‌ಹೇಲರಿಗೆ ಹೆದರಿ ಗುಳಿಗೆ, ಪುಡಿಗಳ ಮೊರೆಹೋಗುವುದು ವಿವೇಕವಲ್ಲ. ಸ್ಪೇಸರ್ ಜೋಡಿಸಿ ಬಳಸುವುದು, ಬಳಸಿದ ಮೇಲೆ ಬಾಯಿ ಮುಕ್ಕಳಿಸುವುದು ಇವೆರಡನ್ನು ತಪ್ಪಿಸಬಾರದು.

ಆಯುರ್ವೇದದ ಪಾತ್ರವೇನು?

ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೂ ಒಂದು. ಮಕ್ಕಳ ದೇಹ ಸುಕುಮಾರವಾದುದು, ಅವರಿಗೆ ಔಷಧಿಯ ಪ್ರಮಾಣವನ್ನು ವಯಸ್ಸು, ಬಲಗಳನ್ನು ನೋಡಿ ನಿರ್ಧರಿಸಬೇಕೆಂಬುದು ನಮ್ಮ ಆಚಾರ್ಯರ ನಿಲುವು. ಯಾವುದೇ ದ್ರವ್ಯದ ಒಳಿತು ಕೆಡುಕು ಅದನ್ನು ಬಳಸುವವನ ಯುಕ್ತಿಯನ್ನು ಅವಲಂಬಿಸಿದೆ ಎಂಬ ಚರಕಾಚಾರ್ಯರ ಆಶಯ ಸ್ಟಿರಾಯ್ಡಿಗೂ ಸಲ್ಲುತ್ತದೆ, ನಮ್ಮ ಮೂಲಿಕೆಗಳಿಗೂ ಸಲ್ಲುತ್ತದೆ.

ಒಂದು ನಿದರ್ಶನ ಕೊಡುತ್ತೇನೆ. ಕೆಮ್ಮು, ಗಂಟಲುನೋವಿಗೆ ಮನೆಮನೆಯಲ್ಲಿ ಬಳಸುವ ಜೇಷ್ಠಮಧು ಉತ್ತಮ ಮೂಲಿಕೆ. ಆದರೆ ಅದರಲ್ಲಿರುವ ಗ್ಲಿಸಿರೈಜಿನ್ ಎಂಬ ಅಂಶವು ದೇಹದಲ್ಲಿ ಕಾರ್ಟಿಸಾಲ್ ಕರಗುವುದನ್ನು ತಡೆದು, ಉಪ್ಪು ನೀರನ್ನು ಹಿಡಿದಿಡುತ್ತದೆ, ಪೊಟ್ಯಾಸಿಯಮ್ ಇಳಿಸುತ್ತದೆ, ರಕ್ತದೊತ್ತಡ ಏರಿಸುತ್ತದೆ. ಸ್ಟಿರಾಯ್ಡ್ ಸೇವಿಸುತ್ತಿರುವ ಮಗುವಿಗೆ ಇದನ್ನು ಪದೇ ಪದೇ ಕೊಟ್ಟರೆ ಉರಿಯುವ ಬೆಂಕಿಗೆ ತುಪ್ಪ ಹೊಯ್ದಂತೆ. ಮೂತ್ರಪಿಂಡದ ರೋಗವಿರುವ ಮಕ್ಕಳಿಗೆ ಭಸ್ಮಗಳನ್ನೂ ರಸೌಷಧಿಗಳನ್ನೂ ಕೊಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಪಥ್ಯ, ದಿನಚರಿ, ನಿದ್ರೆ, ಅಗ್ನಿಬಲ ಇವುಗಳ ಮಾರ್ಗದರ್ಶನದಲ್ಲಿ ಆಯುರ್ವೇದ ನೆರವಾಗಬಹುದು. ಸ್ಟಿರಾಯ್ಡನ್ನು ಇಳಿಸುವ, ನಿಲ್ಲಿಸುವ ನಿರ್ಧಾರ ಮಾತ್ರ ಅದನ್ನು ಆರಂಭಿಸಿದ ತಜ್ಞರದೇ ಆಗಿರಬೇಕು. ಪದೇ ಪದೇ ಮರುಕಳಿಸುವ ಮಕ್ಕಳಿಗೆ ಸ್ಟಿರಾಯ್ಡ್ ತಗ್ಗಿಸಲು ನೆರವಾಗುವ ಬೇರೆ ಔಷಧಿಗಳೂ ಅವರಲ್ಲಿವೆ. “ದುಷ್ಪರಿಣಾಮ ಹೆಚ್ಚುತ್ತಿದೆ, ಬೇರೆ ದಾರಿಯಿದೆಯೇ?” ಎಂದು ಅವರನ್ನೇ ನೇರವಾಗಿ ಕೇಳುವ ಹಕ್ಕು ಪಾಲಕರಿಗಿದೆ.

ಆಹಾರ ಪಥ್ಯ

ಉಪ್ಪು ತಗ್ಗಿಸಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಚಿಪ್ಸ್, ಕುರುಕಲು ತಿಂಡಿಗಳು ಬೇಡ. ಹಸಿವು ಹೆಚ್ಚುವುದರಿಂದ ಸಿಹಿ, ಕರಿದ ತಿಂಡಿಗಳ ಬದಲಿಗೆ ಸೌತೆಕಾಯಿ, ಕ್ಯಾರೆಟ್, ಸೀಬೆಹಣ್ಣು, ಮಜ್ಜಿಗೆ, ಮೊಳಕೆಕಾಳು ಕೈಗೆಟಕುವಂತಿರಲಿ. ಮನೆಯಲ್ಲಿ ಎಲ್ಲರೂ ಬಜ್ಜಿ ತಿನ್ನುತ್ತಾ ಮಗುವಿಗೊಬ್ಬನಿಗೆ ಬೇಡವೆನ್ನುವುದು ನ್ಯಾಯವಲ್ಲ. ಪಥ್ಯ ಇಡೀ ಮನೆಯದಾಗಲಿ. ಮೂಳೆಯ ಬಲಕ್ಕೆ ನಮ್ಮ ರಾಗಿಗಿಂತ ಸುಲಭವಾದ ಧಾನ್ಯವಿಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮಿಗಿಲಾದ ಕ್ಯಾಲ್ಸಿಯಂ ಇದೆ. ಹಾಲು, ಮೊಸರು, ಎಳ್ಳು, ಸೊಪ್ಪು ಜೊತೆಗಿರಲಿ. ದಿನವೂ ಬಿಸಿಲಲ್ಲಿ ಆಟವಾಡಲಿ. ವಿಟಮಿನ್ ಡಿ, ಕ್ಯಾಲ್ಸಿಯಂ ಗುಳಿಗೆಗಳನ್ನು ವೈದ್ಯರು ಬರೆದಿದ್ದರೆ ತಪ್ಪದೆ ಕೊಡಿ.

ಪಾಲಕರು ನೆನಪಿಡಬೇಕಾದವು

1. ಸ್ಟಿರಾಯ್ಡನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಆಹಾರದ ನಂತರ ಕೊಡಿ. ದಿನಕ್ಕೊಮ್ಮೆ ಎಂದಿದ್ದರೆ ಬೆಳಗಿನ ಹೊತ್ತೇ ಉತ್ತಮ. ದೇಹದ ಸ್ವಾಭಾವಿಕ ಲಯಕ್ಕೆ ಅದು ಹೊಂದುತ್ತದೆ.

2. ಗುಳಿಗೆ ಮುಗಿಯುವ ಮೊದಲೇ ತಂದಿಡಿ. ಜಾತ್ರೆ, ಮದುವೆ, ಪ್ರವಾಸಗಳಿಗೆ ಹೋಗುವಾಗ ನಾಲ್ಕು ದಿನದ ಔಷಧಿ ಹೆಚ್ಚಾಗಿಯೇ ಇರಲಿ.

3. ಗುಳಿಗೆ ವಾಂತಿಯಾದರೆ, ವಾಂತಿ ನಿಲ್ಲದಿದ್ದರೆ, ಮಗು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬಾಯಿಂದ ಉಳಿಯದ ಔಷಧಿಯನ್ನು ಸೂಜಿಯಿಂದ ಕೊಡಬೇಕಾಗುತ್ತದೆ.

4. ಜ್ವರ, ಅಪಘಾತ, ಶಸ್ತ್ರಕ್ರಿಯೆಯ ಸಂದರ್ಭದಲ್ಲಿ ಪ್ರಮಾಣವನ್ನು ತಾತ್ಕಾಲಿಕವಾಗಿ ಹೆಚ್ಚಿಸಬೇಕಾಗಬಹುದು. ಚಿಕಿತ್ಸೆ ಮುಗಿದು ಕೆಲವು ತಿಂಗಳವರೆಗೂ ಈ ಮಾತು ಅನ್ವಯಿಸುತ್ತದೆ. “ಈ ಮಗು ಸ್ಟಿರಾಯ್ಡ್ ಸೇವಿಸುತ್ತಿದೆ” ಎಂದು ಔಷಧಿಯ ಹೆಸರು, ಪ್ರಮಾಣಗಳೊಡನೆ ಬರೆದ ಚೀಟಿ ಶಾಲೆಯ ಚೀಲದಲ್ಲಿ ಸದಾ ಇರಲಿ.

5. ಮನೆಯಲ್ಲೋ ಶಾಲೆಯಲ್ಲೋ ಯಾರಿಗಾದರೂ ಚಿಕನ್‌ಪಾಕ್ಸ್ ಅಥವಾ ದಡಾರ ಬಂದು ಮಗು ಅವರ ಹತ್ತಿರವಿದ್ದರೆ ಅಂದೇ ವೈದ್ಯರಿಗೆ ತಿಳಿಸಿ. “ಅಮ್ಮ ಬಂದಿದ್ದಾಳೆ” ಎಂದು ಬೇವಿನ ಸೊಪ್ಪು ಕಟ್ಟಿ ಕಾಯುವ ರೂಢಿ ಇಂತಹ ಮಗುವಿಗೆ ಪ್ರಾಣಾಂತಿಕ.

6. ಲಸಿಕೆ ಹಾಕುವವರಿಗೆ ಸ್ಟಿರಾಯ್ಡ್ ವಿಷಯ ತಿಳಿಸಿ. ಹೆಚ್ಚಿನ ಪ್ರಮಾಣವನ್ನು 14 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಪಡೆದ ಮಗುವಿಗೆ ದಡಾರ, ಚಿಕನ್‌ಪಾಕ್ಸ್‌ನಂತಹ ಸಜೀವ ಲಸಿಕೆಗಳನ್ನು ಔಷಧಿ ನಿಲ್ಲಿಸಿ ಕನಿಷ್ಠ 4 ವಾರ ಕಳೆದ ಮೇಲೆಯೇ ಹಾಕಬೇಕು. ಉಳಿದ ಲಸಿಕೆಗಳನ್ನು ವೈದ್ಯರ ಸಲಹೆಯಂತೆ ಹಾಕಿಸಬಹುದು.

7. ಮೂರು ತಿಂಗಳಿಗೊಮ್ಮೆ ಎತ್ತರ, ತೂಕ ಅಳೆದು ಪುಸ್ತಕದಲ್ಲಿ ಬರೆಯಿರಿ. ಪ್ರತಿ ಭೇಟಿಯಲ್ಲೂ ರಕ್ತದೊತ್ತಡ, ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಕಣ್ಣಿನ ಪರೀಕ್ಷೆ ಆಗಲೇಬೇಕು. ನೆಫ್ರೋಟಿಕ್ ರೋಗದ ಮಕ್ಕಳ ಮೂತ್ರವನ್ನು ಮನೆಯಲ್ಲಿಯೇ ಪರೀಕ್ಷಾಪಟ್ಟಿಯಿಂದ ನೋಡಿ ದಿನಚರಿಯಲ್ಲಿ ಬರೆದಿಟ್ಟರೆ ರೋಗ ಮರುಕಳಿಸುವುದು ಬಾವು ಬರುವ ಮೊದಲೇ ತಿಳಿಯುತ್ತದೆ.

8. ಹಳೆಯ ಚೀಟಿ ತೋರಿಸಿ ತಾವೇ ಔಷಧಿ ಕೊಂಡು ಮುಂದುವರಿಸುವುದೂ, ತಾವೇ ನಿಲ್ಲಿಸುವುದೂ ಎರಡೂ ಸಮಾನ ಅಪರಾಧ.

ಕೊನೆಯ ಮಾತು

ಅಂದಿನ ಆ ಬಾಲಕ ಮುಂದೆ ತಜ್ಞರ ಆರೈಕೆಯಲ್ಲಿ ನಾಲ್ಕಾರು ವರ್ಷ ಚಿಕಿತ್ಸೆ ಪಡೆದು ರೋಗದಿಂದ ಪಾರಾದ. ಅವನ ಮುಖದ ಊತವೂ ಇಳಿಯಿತು. ಅವನ ಅಜ್ಜಿಯ ಪ್ರೀತಿಯಲ್ಲಿ ದೋಷವಿರಲಿಲ್ಲ. ಅವರಿಗೆ ಸರಿಯಾದ ಮಾತನ್ನು ಸರಿಯಾದ ಹೊತ್ತಿಗೆ ಹೇಳುವವರು ಇರಲಿಲ್ಲ. ಶ್ರೀಮಠದ ಈ ಪತ್ರಿಕೆ ಹಳ್ಳಿಹಳ್ಳಿಯ ಮನೆಗಳನ್ನು ತಲುಪುತ್ತದೆ. ನಿಮ್ಮ ಓಣಿಯಲ್ಲಿ ಇಂತಹ ಚಿಕಿತ್ಸೆಯಲ್ಲಿರುವ ಮಗುವಿದ್ದರೆ ಈ ಪುಟವನ್ನು ಆ ಮನೆಯವರಿಗೆ ಓದಿ ಹೇಳಿ. ಅರಿವನ್ನು ಹಂಚುವುದೂ ದಾಸೋಹವೇ. ಗುರುಕೃಪೆಯಿಂದ ನಾಡಿನ ಎಲ್ಲ ಮಕ್ಕಳೂ ಆರೋಗ್ಯವಂತರಾಗಿ, ದೀರ್ಘಾಯುಗಳಾಗಿ ಬಾಳಲಿ.